ಎಣ್ಣೆ ಬಿಟ್ಟೆ, ಹೊಟ್ಟೆ ಇಳಿಸುತ್ತಿದ್ದೇನೆ, ದೋಸ್ತರನ್ನು ಬಿಡದೆ ಇರುವುದು ಹೇಗೆ?

ಉದ್ಯಮಬಾಗ_ಫಿಟ್ಟರ್

ಎಲ್ಲರಿಗೂ ನಮಸ್ಕಾರ. ಬೆಳಗಾವಿಯವನು, ವಯಸ್ಸು 34, ಉದ್ಯಮಬಾಗದಲ್ಲಿ ಕೆಲಸ. ಹೋದ ವರ್ಷ ರಕ್ತ ತಪಾಸಣೆ, ಸ್ಕ್ಯಾನಿಂಗ್ ಮಾಡಿಸಿದಾಗ ಫ್ಯಾಟಿ ಲಿವರ್ ಅಂತ ಬಂತು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು ಕೂಡ ಜಾಸ್ತಿ. ತೂಕ 96 ಕಿಲೋ. ಗಣಪತಿ ಕಳಿಸಿದ ಮೇಲೆ ಕುಡಿಯುವುದನ್ನು ನಿಲ್ಲಿಸಿದೆ. ನಾನು ದಿನಾ ಕುಡಿಯುವವನಾಗಿರಲಿಲ್ಲ. ವಾರಕ್ಕೊಮ್ಮೆ, ಪಗಾರ ಆದ ವಾರ ಸ್ವಲ್ಪ ಜಾಸ್ತಿ. ಹಾಗಾಗಿ ಬಿಡುವುದು ಅಷ್ಟು ಕಷ್ಟ ಆಗಲಿಲ್ಲ. ತೂಕವೂ ನಿಧಾನಕ್ಕೆ ಇಳಿಯುತ್ತಿದೆ.

ಕಷ್ಟ ಇರುವುದು ದೋಸ್ತರ ವಿಷಯದಲ್ಲಿ. ಎಲ್ಲರೂ ಒಂದೇ ಗಲ್ಲಿಯಲ್ಲಿ ಬೆಳೆದವರು. ಈಗ ಎಲ್ಲರಿಗೂ ಸಂಸಾರ. ಒಟ್ಟಿಗೆ ಸೇರುವುದೇ ಪಗಾರದ ಶನಿವಾರ, ಅದೂ ಹೈವೇ ಧಾಬಾದಲ್ಲಿ. "ಕುಡೀಬ್ಯಾಡ ಬಿಡಲೇ, ಸುಮ್ನ ಕಂಪನಿ ಕೊಡಾಕ ಬಾ" ಅನ್ನುತ್ತಾರೆ. ಹೋದರೆ ಮೂರು ತಾಸು ಕೈ ಖಾಲಿ, ಎದುರಿಗೆ ಚಖಣಾ. ಶೇಂಗಾ ಮಸಾಲಾ, ಚಿಕನ್ ಡ್ರೈ, ಪಾಪಡ್ ಎಲ್ಲ ಮುಗಿಸುವವನು ನಾನೇ. ಹೋಗದಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ, ಕೆಳಗೆ "ಸ್ವಾಮಿಗಳು ಮಠದಾಗ ಅದಾರೇನು?" ಅಂತ ಚೇಷ್ಟೆ. ಹೋದಾಗ ಪಟ್ಟಿ ಮಾತ್ರ ಎಲ್ಲರಿಗೂ ಸಮ. ಅವರ ಕ್ವಾರ್ಟರಿಗೂ ನನ್ನ ಸೋಡಾಕ್ಕೂ ಒಂದೇ ಲೆಕ್ಕ.

ಈಗ ಮಳೆಗಾಲಕ್ಕೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಪ್ಲ್ಯಾನ್ ಬೇರೆ ಆಗಿದೆ. ಹೋಗಲಾ, ಬೇಡವಾ? ಇದನ್ನೆಲ್ಲ ದಾಟಿದವರು ಇದ್ದರೆ ಹೇಳಿ. ಕುಡಿತ ಕೆಟ್ಟದ್ದು ಅಂತ ಉಪದೇಶ ಮಾಡುವವರಿಗೆ ಮೊದಲೇ ಕೈ ಮುಗಿಯುತ್ತೇನೆ. ಅದು ಗೊತ್ತಿದೆ.

ಕ್ಯಾಂಪ್_ಕಾಕಾ

ತಮ್ಮಾ, ನಾನು ಫೌಜಿನಿಂದ ನಿವೃತ್ತನಾದವನು. ಒಂದೇ ಮಾತು ಹೇಳುತ್ತೇನೆ. ಕಾರಣ ಹೇಳಬೇಡ.

ಕಾರಣ ಹೇಳಿದೆಯೋ, ಚರ್ಚೆ ಶುರು. "ಡಾಕ್ಟರ್ ಬೇಡ ಅಂದಾರೆ" ಅಂದರೆ ಟೇಬಲ್ ಸುತ್ತ ಕೂತವರೆಲ್ಲ ಡಾಕ್ಟರ್ ಆಗುತ್ತಾರೆ. "ನಮ್ಮ ಮಾವಗ ಎಂಬತ್ತು ವರ್ಷ, ದಿನಾ ಎರಡು ಪೆಗ್ಗು ಹಾಕ್ತಾನ, ಗಟ್ಟಿಮುಟ್ಟಾಗಿ ಅದಾನ" ಅಂತ ಒಬ್ಬ ಹೇಳಿಯೇ ಹೇಳುತ್ತಾನೆ. "ಗುಳಿಗಿ ನಡದಾವ" ಅಂದರೆ "ಕೋರ್ಸ್ ಯಾವಾಗ ಮುಗೀತದ?" ಅಂತ ಕೇಳಿ ತಾರೀಖು ಬರೆದಿಟ್ಟುಕೊಳ್ಳುತ್ತಾರೆ. "ಬಿಟ್ಟೇನಿ" ಅನ್ನು. ಮತ್ತೆ ಕೇಳಿದರೆ ಮತ್ತೆ "ಬಿಟ್ಟೇನಿ". ಮುಖದಲ್ಲಿ ನಗು ಇರಲಿ. ವಾದ ಮಾಡಲು ಏನೂ ಸಿಗದಿದ್ದರೆ ಅವರಿಗೇ ಬೇಜಾರಾಗಿ ಮಾತು ಬೇರೆ ಕಡೆ ಹೋಗುತ್ತದೆ.

ಇನ್ನೊಂದು. ಎಲ್ಲರಿಗಿಂತ ಮೊದಲು ನೀನೇ ಆರ್ಡರ್ ಕೊಡು. ಲಿಂಬು ಸೋಡಾ, ಉಪ್ಪು ಹಾಕಿ, ಸಕ್ಕರೆ ಇಲ್ಲದೆ. ಖಾಲಿ ಗ್ಲಾಸ್ ಕಂಡರೆ ಯಾರೋ ಒಬ್ಬ ತುಂಬುತ್ತಾನೆ. ತುಂಬಿದ ಗ್ಲಾಸಿನಲ್ಲಿ ಏನಿದೆ ಅಂತ ಎರಡನೇ ಪೆಗ್ಗಿನ ಮೇಲೆ ಯಾರೂ ನೋಡುವುದಿಲ್ಲ.

ಶಹಾಪುರ_ಟೀಚರ್

ಕಾಕಾ ಹೇಳಿದ್ದು ಸರಿ. ಆದರೆ ಫಿಟ್ಟರ್ ಅವರ ಪ್ರಶ್ನೆಯಲ್ಲಿ ತೂಕದ ವಿಷಯವೂ ಇದೆ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಗಣಿತ ಕಲಿಸುವವಳ ಚಟ ಅಂದುಕೊಳ್ಳಿ.

ಆಲ್ಕೋಹಾಲ್ ಒಂದು ಗ್ರಾಮಿಗೆ 7 ಕ್ಯಾಲೊರಿ. ಸಕ್ಕರೆ, ಹಿಟ್ಟು 4. ಎಣ್ಣೆ, ತುಪ್ಪ 9. ಅಂದರೆ ಗ್ರಾಮಿನ ಲೆಕ್ಕದಲ್ಲಿ ಶುದ್ಧ ಆಲ್ಕೋಹಾಲ್ ಅಡುಗೆ ಎಣ್ಣೆಗಿಂತ ಸ್ವಲ್ಪವೇ ಕಡಿಮೆ. 60 ಎಂಎಲ್ ವಿಸ್ಕಿಗೆ ಸುಮಾರು 140 ಕ್ಯಾಲೊರಿ. ಕ್ವಾರ್ಟರ್, ಅಂದರೆ 180 ಎಂಎಲ್‌ಗೆ 420ರ ಹತ್ತಿರ. ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್ ಕೂಡ 300 ದಾಟುತ್ತದೆ. ಜೊತೆಗೆ, ದೇಹದಲ್ಲಿ ಆಲ್ಕೋಹಾಲ್ ಇರುವಷ್ಟು ಹೊತ್ತು ಲಿವರ್ ಮೊದಲು ಅದನ್ನೇ ಕರಗಿಸುತ್ತದೆ. ಕೊಬ್ಬು ಕರಗಿಸುವ ಕೆಲಸ ಹಿಂದೆ ಬೀಳುತ್ತದೆ.

ಇಷ್ಟು ಓದಿ ಖುಷಿ ಪಡುವ ಮೊದಲು ಚಖಣಾ ನೋಡಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲೊರಿ. ಅದು ಕರಿಯದ ಶೇಂಗಾ. ನೀವು ಬಿಟ್ಟ ಕ್ವಾರ್ಟರನ್ನು ಸುಮಾರು 75 ಗ್ರಾಂ ಮಸಾಲಾ ಶೇಂಗಾ ವಾಪಸ್ ತಂದುಬಿಡುತ್ತದೆ! ಕೋಲಾ, ಸಿಹಿ ಸೋಡಾ ಕುಡಿದರೂ ಅಷ್ಟೇ ಕಥೆ. ನಾಲ್ಕು ಚಮಚ ಸಕ್ಕರೆ ಅಂದರೆ 80 ಕ್ಯಾಲೊರಿ, ಒಂದು ಗ್ಲಾಸಿಗೆ. ಮೂರು ತಾಸಿನಲ್ಲಿ ನಾಲ್ಕು ಗ್ಲಾಸ್ ಆಗುತ್ತದೆ, ಅಲ್ವಾ?

ಫ್ಯಾಟಿ ಲಿವರ್ ಬಗ್ಗೆ ಒಂದು ಸಮಾಧಾನದ ಮಾತು. ದೇಹದ ತೂಕದ ನೂರಕ್ಕೆ 5ರಷ್ಟು ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗಲು ಶುರುವಾಗುತ್ತದೆ, 7ರಿಂದ 10ರಷ್ಟು ಇಳಿದರೆ ಊತವೂ ತಗ್ಗುತ್ತದೆ ಅಂತ ವೈದ್ಯರು ಹೇಳುತ್ತಾರೆ. 96 ಕಿಲೋ ಇದ್ದವರಿಗೆ ಅದು ಐದರಿಂದ ಹತ್ತು ಕಿಲೋ. ಆಗದ ಕೆಲಸವಲ್ಲ.

ನೈಂಟಿ_ನಾಗ್ಯಾ

ನಾನು ಕುಡಿಯುವವನು. ಟೇಬಲ್ಲಿನ ಆ ಕಡೆಯಿಂದಲೂ ಒಂದು ಮಾತು ಕೇಳಿ.

ನಮ್ಮ ಗ್ರೂಪಿನಲ್ಲೂ ಒಬ್ಬ ಬಿಟ್ಟ. ಬಿಟ್ಟಿದ್ದಕ್ಕೆ ಯಾರಿಗೂ ಸಿಟ್ಟಿಲ್ಲ. ಆದರೆ ಕೂತಾಗ ನಮ್ಮ ಪೆಗ್ಗು ಎಣಿಸುತ್ತಾನೆ. "ಮೂರನೇದು ಅಲಾ ಇದು?" ಅನ್ನುತ್ತಾನೆ. ನಾವು ಏನೋ ಒದರಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾನೆ. ಮುಂಜಾನೆ ಎಲ್ಲರ ಹೆಂಡಂದಿರಿಗಿಂತ ಮೊದಲು ಅವನ ಮೆಸೇಜು, "ರಾತ್ರಿ ಏನಂದಿ ನೆನಪೈತಿ?" ಅಂತ. ಇಂಥವನನ್ನು ಯಾರು ಕರೆಯುತ್ತಾರೆ ಹೇಳಿ.

ಒತ್ತಾಯ ಯಾಕೆ ಮಾಡುತ್ತೇವೆ ಅಂದರೆ, ಒಬ್ಬ ಬಿಟ್ಟ ಅಂದರೆ ಬಿಡಬಹುದು ಅಂತ ಆಯಿತಲ್ಲ. ಅದು ಒಳಗೆ ಚುಚ್ಚುತ್ತದೆ. ಅವನೂ ಕುಡಿದರೆ ಎಲ್ಲರಿಗೂ ನಿರಾಳ. ಇದಕ್ಕಿಂತ ದೊಡ್ಡ ಪ್ರೀತಿ ಏನೂ ಅದರಲ್ಲಿ ಇಲ್ಲ.

ಮೊದಲ ಒಂದು ತಾಸು ಚೆನ್ನಾಗಿರುತ್ತದೆ. ಮನೆ ಮಾತು, ಕೆಲಸದ ಮಾತು, ನಗು. ಆಮೇಲೆ ಹೇಳಿದ್ದೇ ಹೇಳುವುದು. ಫಿಟ್ಟರ್ ಭಾವು, ಆ ಒಂದು ತಾಸು ಬಾ, ಊಟ ಮಾಡು, ಎದ್ದು ಹೋಗು. ನೀನು ಹೋಗಿದ್ದು ಯಾವಾಗ ಅಂತ ಮರುದಿನ ಯಾರಿಗೂ ನೆನಪಿರುವುದಿಲ್ಲ. ಖರೇ ಹೇಳುತ್ತೇನೆ.

ಕ್ಯಾಂಪ್_ಕಾಕಾ

ನಾಗ್ಯಾ, ನಿನ್ನ ಹೆಸರು ನೋಡಿ ಬೈಯಬೇಕು ಅಂದುಕೊಂಡಿದ್ದೆ. ಎಲ್ಲರಿಗಿಂತ ಕೆಲಸದ ಮಾತು ನೀನೇ ಹೇಳಿದೆ.

ಗುಮ್ಮಟದ_ಊರವ

ವಿಜಯಪುರದಿಂದ. ಕಾಕಾ ಅವರು ಕಾರಣ ಹೇಳಬೇಡ ಅಂತಾರೆ. ನಮ್ಮ ಕಡೆ ಕಾರಣ ಇದ್ದರೇ ಮರ್ಯಾದೆ. ಶ್ರಾವಣ ಬಂತೆಂದರೆ ಹಿಂದಿನ ದಿನದ ತನಕ ಕುಡಿದವನೂ ಮುಟ್ಟುವುದಿಲ್ಲ. ನಾಗರ ಅಮಾವಾಸ್ಯೆ, ನಿಮ್ಮ ಬೆಳಗಾವಿಯಲ್ಲಿ ಗಟಾರಿ ಅಂತೀರಲ್ಲ, ಅವತ್ತು ಬಾಕಿ ಎಲ್ಲ ತೀರಿಸಿ ಮರುದಿನದಿಂದ ಸೋಮವಾರದ ಉಪವಾಸ. ಆ ತಿಂಗಳು ಯಾರೂ ಯಾರನ್ನೂ ಒತ್ತಾಯ ಮಾಡುವುದಿಲ್ಲ. ಅಯ್ಯಪ್ಪನ ಮಾಲೆ ಹಾಕಿದವನಿಗೂ ಹಾಗೇ. ನಾನು ಶುರು ಮಾಡಿದ್ದು ಶ್ರಾವಣದಲ್ಲೇ. ಹೊಸದಾಗಿ ಬಿಡುವವರಿಗೆ ಅದು ಒಳ್ಳೆಯ ಕಾಲ.

ಶಹಾಪುರ_ಟೀಚರ್

ಶುರು ಮಾಡಲು ಒಳ್ಳೆಯದು, ಒಪ್ಪಿದೆ. ಆದರೆ ಶ್ರಾವಣ ಮುಗಿದ ಮರುದಿನ?

ಗುಮ್ಮಟದ_ಊರವ

ಮರುದಿನ ಫೋನ್ ಬರುತ್ತದೆ ಅಕ್ಕಾ. "ಮುಗೀತಲ್ಲೋ ಶ್ರಾವಣ?" ಅಂತ. ಅಲ್ಲಿಗೆ ಕಾಕಾ ಹೇಳಿದ "ಬಿಟ್ಟೇನಿ" ಬೇಕೇ ಬೇಕು, ಅದನ್ನು ಒಪ್ಪುತ್ತೇನೆ.

ನಾವು ಇನ್ನೊಂದು ಮಾಡಿದೆವು. ಕೂಡುವ ಹೊತ್ತನ್ನೇ ಬದಲಿಸಿದೆವು. ನಮ್ಮಲ್ಲಿ ಜೋಳ ಹಾಲುಗಾಳು ಕಟ್ಟಿದಾಗ ಹೊಲದಲ್ಲಿ ಸೀತನಿ ತಿನ್ನುವುದು ಇದ್ದೇ ಇದೆ. ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು, ಕೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿ, ಬೆಲ್ಲ, ಮೊಸರು ಹಚ್ಚಿ ತಿನ್ನುತ್ತೇವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲೇ ಊಟ. ಎರಡೂ ಹಗಲಿನ ಕೂಟ. ಹೆಂಗಸರು, ಹುಡುಗರು ಎಲ್ಲ ಇರುತ್ತಾರೆ. ಬಾಟಲಿ ತೆಗೆಯುವ ಧೈರ್ಯ ಯಾರಿಗೂ ಇಲ್ಲ. ಅದೇ ಜನ, ಅದೇ ನಗು. ಹಾಗಿದ್ದರೆ ವರ್ಷದಲ್ಲಿ ಉಳಿದ ದಿನವೂ ಹಗಲೇ ಯಾಕೆ ಸೇರಬಾರದು ಅಂತ ಒಬ್ಬ ಕೇಳಿದ. ಈಗ ರವಿವಾರ ಮಧ್ಯಾಹ್ನ ಯಾರದಾದರೂ ಹೊಲದಲ್ಲಿ ಬುತ್ತಿ ಊಟ.

ಘಟಪ್ರಭಾ_ದಂಡೆ

ಬಾಗಲಕೋಟೆಯವನು. ಹೊಲ ಇದ್ದವರಿಗೆ ಸೀತನಿ ಸರಿ ಅಣ್ಣಾ, ಎರಡು ಶಿಫ್ಟಿನಲ್ಲಿ ದುಡಿಯುವವರಿಗೆ ಹಗಲು ಎಲ್ಲಿದೆ? ನನಗೆ ಪಟ್ಟಿ ಬಗ್ಗೆ ಹೇಳುವುದಿದೆ. ಇದನ್ನು ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ರೊಕ್ಕದ ಮಾತು ಅಂದರೆ ಸಣ್ಣತನ ಅಂತ ನಾಚಿಕೆ. ಆದರೆ ದೋಸ್ತಿ ಕೆಡುವುದು ಅಲ್ಲಿಂದಲೇ. ಒಳಗೊಳಗೆ ಉರಿಯುತ್ತಾ ಕೊಡುತ್ತೇವೆ, ಮುಂದಿನ ಸಲ ನೆಪ ಹೇಳಿ ತಪ್ಪಿಸುತ್ತೇವೆ. ಅವರು "ಇವನಿಗೆ ನಾವು ಬೇಡವಾದೆವು" ಅಂದುಕೊಳ್ಳುತ್ತಾರೆ.

ನಾನು ಮಾಡಿದ್ದು ಇಷ್ಟು. ಪಟ್ಟಿ ಕಟ್ಟುವವನು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಹೋಗುವ ಹಿಂದಿನ ದಿನ ಅವನೊಬ್ಬನಿಗೇ ಫೋನ್ ಮಾಡಿದೆ. "ಊಟದ ಬಿಲ್ಲಿನಲ್ಲಿ ನನ್ನದು ಸಮಪಾಲು ಹಿಡಿ, ಎಣ್ಣೆ ಬಿಲ್ಲಿನಲ್ಲಿ ಬಿಡು" ಅಂದೆ. ಎಲ್ಲರ ಮುಂದೆ, ಬಿಲ್ಲು ಬಂದ ಮೇಲೆ ಹೇಳಿದ್ದರೆ ಜಗಳ ಆಗುತ್ತಿತ್ತು. ಅವನಿಗೆ ಅರ್ಥ ಆಯಿತು. ಈಗ ಎರಡು ಬಿಲ್ಲು ಬೇರೆ ಬೇರೆ. ಇನ್ನೊಬ್ಬನೂ ನಾಲ್ಕು ಪೆಗ್ಗಿನ ಬದಲು ಎರಡಕ್ಕೆ ನಿಲ್ಲಿಸಿದ, ತನ್ನ ರೊಕ್ಕ ತನಗೇ ಕಾಣತೊಡಗಿದ ಮೇಲೆ.

ಅಂದ ಹಾಗೆ ಲೈಸೆನ್ಸ್ ಇಲ್ಲದ ಧಾಬಾದಲ್ಲಿ ಹೊರಗಿನಿಂದ ಬಾಟಲಿ ತಂದು ಕುಡಿಯುವುದು ಅಬಕಾರಿ ಕಾನೂನಿನಲ್ಲಿ ಅಪರಾಧ. ದಾಳಿ ಆದರೆ ಸೋಡಾ ಕುಡಿಯುತ್ತಿದ್ದವನೂ ನಡುವೆ ಸಿಕ್ಕಿಕೊಂಡು ಒದ್ದಾಡಬೇಕಾಗುತ್ತದೆ. ಲೈಸೆನ್ಸ್ ಇರುವ ಜಾಗಕ್ಕೆ ಹೋಗಿ ಅಂತ ನಿಮ್ಮ ದೋಸ್ತರಿಗೆ ಹೇಳಿ.

ಉದ್ಯಮಬಾಗ_ಫಿಟ್ಟರ್

ಪಟ್ಟಿ ಕಟ್ಟುವವನಿಗೆ ಮೊದಲೇ ಫೋನ್ ಮಾಡುವುದು, ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಈ ಶನಿವಾರವೇ ಮಾಡುತ್ತೇನೆ.

ಇನ್ನೊಂದು ತೊಂದರೆ ಇದೆ. ನಾನು ಕುಡಿಯುವುದಿಲ್ಲ ಅಂತ ಗೊತ್ತಾದ ಮೇಲೆ ಡ್ರೈವರ್ ಆಗಿಬಿಟ್ಟಿದ್ದೇನೆ. ಎಲ್ಲರನ್ನೂ ಮನೆಗೆ ಬಿಟ್ಟು ನಾನು ಮನೆ ಸೇರುವಾಗ ರಾತ್ರಿ ಒಂದು ಗಂಟೆ. ಬೇಗ ಎದ್ದು ಹೋಗುವ ದಾರಿಯೂ ಮುಚ್ಚಿತು. ಹೋಗಲಿ ಅಂದರೆ ಅವರು ಕುಡಿದು ಗಾಡಿ ಓಡಿಸುತ್ತಾರೆ ಅನ್ನುವ ಹೆದರಿಕೆ.

ನೈಂಟಿ_ನಾಗ್ಯಾ

ಇದರಲ್ಲಿ ನಮ್ಮದೇ ತಪ್ಪು. ಬಿಟ್ಟವನನ್ನು ಪುಕ್ಕಟೆ ಡ್ರೈವರ್ ಮಾಡುವುದು ಎಲ್ಲ ಗ್ರೂಪಿನಲ್ಲೂ ಇದೆ. ಆಟೋ ಮಾತಾಡಿಕೊಂಡು ಹೋಗಲಿ, ಆ ರೊಕ್ಕ ಎಣ್ಣೆ ಬಿಲ್ಲಿಗೇ ಸೇರಿಸಲಿ.

ಘಟಪ್ರಭಾ_ದಂಡೆ

ಆಟೋ ಬಾಡಿಗೆ ಜಾಸ್ತಿ ಅನ್ನುವವರಿಗೆ ಇದನ್ನು ಹೇಳಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಸಿಕ್ಕರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2019ರ ತಿದ್ದುಪಡಿಯಿಂದ ದಂಡ ಇಷ್ಟಾಗಿದೆ. ಆ ರೊಕ್ಕದಲ್ಲಿ ಎಷ್ಟು ಆಟೋ ಬರುತ್ತವೆ ನೀವೇ ನೋಡಿ.

ಫಿಟ್ಟರ್, ನೀನು ನಿನ್ನ ಬೈಕಿನಲ್ಲಿ ಹೋಗು. ಬೈಕಿಗೆ ಒಬ್ಬನೇ ಹಿಂದೆ ಕೂರುತ್ತಾನೆ. ಬೇಗ ಮನೆಗೆ ಹೋಗಬೇಕಾದವನು ಒಬ್ಬ ಇದ್ದೇ ಇರುತ್ತಾನೆ, ಅವನನ್ನು ಕರೆದುಕೊಂಡು ಎದ್ದುಬಿಡು.

ವಡಗಾವಿ_ವೈನಿ

ಇಷ್ಟು ಹೊತ್ತು ಗಂಡಸರ ಧಾಬಾ ಕಥೆ ಓದಿದೆ. ನಮ್ಮ ಭಿಶಿ, ಅಂದರೆ ಚೀಟಿ ಕೂಟದ ಕಥೆಯೂ ಕೇಳಿ. ತಿಂಗಳಿಗೊಮ್ಮೆ ಹತ್ತು ಹನ್ನೆರಡು ಹೆಂಗಸರು ಒಬ್ಬರ ಮನೆಯಲ್ಲಿ ಸೇರುತ್ತೇವೆ. ಅಲ್ಲಿ ಬಾಟಲಿ ಇಲ್ಲ. ಆದರೆ ಕುಂದಾ ಇದೆ, ಹೋಳಿಗೆ ಇದೆ, ಮಿರ್ಚಿ ಭಜಿ ಇದೆ. ಒತ್ತಾಯ ಮಾತ್ರ ಧಾಬಾದವರಿಗಿಂತ ಎರಡು ಪಟ್ಟು. ಗಂಡಸರು "ಕುಡಿ" ಅಂದರೆ "ಬಿಟ್ಟೇನಿ" ಅನ್ನಬಹುದು. ಹೋಳಿಗೆ ಬಡಿಸುವಾಗ "ಬಿಟ್ಟೇನಿ" ಅಂದರೆ ಮಾಡಿದವಳ ಮುಖ ಸಣ್ಣದಾಗುತ್ತದೆ. "ಶುಗರ್ ಬಂದದೇನ?" ಅಂತ ಊರೆಲ್ಲ ಕೇಳುತ್ತದೆ.

ನಾನು ಹೋಗುವುದನ್ನು ಬಿಡಲಿಲ್ಲ. ಮನೆಯಲ್ಲಿ ಒಂದು ರೊಟ್ಟಿ, ಪಲ್ಯ, ಮಜ್ಜಿಗೆ ಮುಗಿಸಿ ಹೋಗುತ್ತೇನೆ. ಹಸಿದು ಹೋದರೆ ಮುಗಿಯಿತು. ಎರಡನೆಯದು, ಬಡಿಸಲು ನಿಲ್ಲುತ್ತೇನೆ. ಬಡಿಸುವವಳ ತಾಟು ಯಾರೂ ನೋಡುವುದಿಲ್ಲ! ಕೊನೆಗೆ ಕೂತು ಅರ್ಧ ಹೋಳಿಗೆ, ಮೇಲೆ ತುಪ್ಪ ಇಲ್ಲದೆ, ನಿಧಾನಕ್ಕೆ ತಿನ್ನುತ್ತೇನೆ. ಮತ್ತೆ ನನ್ನ ಮನೆಯಲ್ಲಿ ಭಿಶಿ ಆದಾಗ ಮೊಳಕೆ ಹೆಸರು, ಗಿರ್ಮಿಟ್, ಕಲ್ಲಂಗಡಿ ಇಟ್ಟೆ. ಎರಡು ಮನೆಯವರು ಅದನ್ನೇ ಮುಂದುವರಿಸಿದರು. ಎಲ್ಲರಿಗೂ ಒಳಗೆ ಅದೇ ಬೇಕಿತ್ತು ಅನ್ನಿಸುತ್ತದೆ. ಹೇಳುವವರು ಇರಲಿಲ್ಲ.

ಜೋಳದ_ಹೊಲ

ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ವೈನಿ. ಎಷ್ಟು ಬೇಕಾದರೂ ತಿನ್ನಬಹುದು.

ಶಹಾಪುರ_ಟೀಚರ್

ಹಾಗೇನಿಲ್ಲ ರೀ. 100 ಗ್ರಾಂ ಜೋಳದ ಹಿಟ್ಟಿಗೂ 100 ಗ್ರಾಂ ಗೋಧಿ ಹಿಟ್ಟಿಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, ಎರಡೂ 350ರ ಆಸುಪಾಸು. ರೊಟ್ಟಿಗೆ ಎಣ್ಣೆ ಹಾಕುವುದಿಲ್ಲ, ಅದು ಲಾಭ. ನಿಜವಾದ ಲಾಭ ತಾಟಿನ ಇನ್ನೊಂದು ಬದಿಯಲ್ಲಿದೆ. ಹಕ್ಕರಿಕಿ, ಹಸಿ ಮೆಂತ್ಯೆ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ, ಪುಂಡಿ ಪಲ್ಯ, ಕಾಳು ಪಲ್ಯ. ಇವು ಹೊಟ್ಟೆ ತುಂಬಿಸುತ್ತವೆ. ಖಾನಾವಳಿಗೆ ಹೋದರೆ ಎಣ್ಣೆಗಾಯಿ ಎರಡನೇ ಸಲ ಹಾಕಿಸಿಕೊಳ್ಳುವ ಬದಲು ಹಸಿ ತರಕಾರಿ ಎರಡನೇ ಸಲ ಕೇಳಿ. ಶೇಂಗಾ ಹಿಂಡಿ ಒಂದು ಚಮಚ ಸಾಕು, ಮೇಲೆ ಎಣ್ಣೆಯ ಬಾವಿ ಬೇಡ.

ಫಿಟ್ಟರ್ ಅವರಿಗೂ ಇದೇ. ಧಾಬಾಕ್ಕೆ ಹೋದ ಕೂಡಲೇ ಊಟ ಹೇಳಿಬಿಡಿ. ತಂದೂರಿ ಚಿಕನ್, ಹಸಿ ಉಳ್ಳಾಗಡ್ಡಿ, ದಾಲ್, ಒಂದು ರೊಟ್ಟಿ. ಕುಡಿಯುವವರು ಊಟ ಕೊನೆಗೆ ಮಾಡುತ್ತಾರೆ. ನೀವು ಅವರಿಗೆ ಕಾಯಬೇಕಿಲ್ಲ.

ಅಥಣಿ_ತಂಗಿ

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಅಣ್ಣ ವಾರಕ್ಕೊಮ್ಮೆ ಕುಡಿಯುವವನಲ್ಲ. ದಿನಾ ಕುಡಿಯುತ್ತಾನೆ, ಮುಂಜಾನೆ ಎದ್ದರೆ ಕೈ ನಡುಗುತ್ತದೆ. ಇದನ್ನು ಓದಿ ಅವನೂ "ನಾಳೆಯಿಂದ ಬಂದ್" ಅಂದಿದ್ದಾನೆ. ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ ಯಾರೋ ಒಂದು ಪುಡಿ ಕೊಟ್ಟಿದ್ದಾರೆ. ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿದರೆ ಕುಡಿತ ಬಿಡುತ್ತಾರೆ ಅಂತ. ಹಾಕಬಹುದಾ?

ಗೋಕಾಕ_ಸಿಸ್ಟರ್

ತಂಗಿ, ಹಾಕಬೇಡಿ. ಇವತ್ತೇ ವೈನಿಗೆ ಹೇಳಿ. ನಾನು ನರ್ಸ್.

ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಮಾರಿದವನಿಗೆ ಮಾತ್ರ ಗೊತ್ತು. ಕುಡಿತ ಬಿಡಿಸಲು ಡೈಸಲ್ಫಿರಾಂ ಅನ್ನುವ ಗುಳಿಗೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿ ಆಗಿ, ಎದೆ ಬಡಿತ ಏರಿ, ಬಿಪಿ ಬೀಳುತ್ತದೆ. ಜೀವಕ್ಕೂ ಅಪಾಯ ಆಗಬಹುದು. ಹಾಗಾಗಿ ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆ, ಡಾಕ್ಟರ್ ನಿಗಾದಲ್ಲಿ ಮಾತ್ರ ಕೊಡುತ್ತಾರೆ. ಕದ್ದು ಕೊಡುವ ಔಷಧಿ ಅಲ್ಲ ಅದು.

ಎರಡನೆಯದು ಇನ್ನೂ ಮುಖ್ಯ. ದಿನಾ ಕುಡಿದು ಮುಂಜಾನೆ ಕೈ ನಡುಗುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ವಿಪರೀತ ಬೆವರು ಶುರುವಾದರೆ ಅದು ತುರ್ತು ಪರಿಸ್ಥಿತಿ. ದವಾಖಾನೆಯಲ್ಲಿ ಇದಕ್ಕೆ ಔಷಧಿ ಇದೆ, ಬಿ1 ವಿಟಮಿನ್ ಕೊಡುತ್ತಾರೆ, ಕೆಲವು ದಿನ ನೋಡಿಕೊಳ್ಳುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಾದರೂ ಹೋಗಿ ಬರುವಷ್ಟೇ ದೂರ. ಮೊದಲು ಫೋನಿನಲ್ಲಿ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೇ ಬೇರೆ ಸಹಾಯವಾಣಿ 14446.

ಅಣ್ಣನಿಗೆ ಬಿಡುವ ಮನಸ್ಸು ಬಂದಿದೆಯಲ್ಲ, ಅದನ್ನು ಹಾಳು ಮಾಡಿಕೊಳ್ಳಬೇಡಿ. ನಾಳೆ ಬಂದ್ ಮಾಡುವ ಬದಲು ನಾಳೆ ದವಾಖಾನೆಗೆ ಕರೆದುಕೊಂಡು ಹೋಗಿ.

ಅಥಣಿ_ತಂಗಿ

ಪುಡಿ ಬಚ್ಚಲಿಗೆ ಚೆಲ್ಲಿಸಿದೆ ಅಕ್ಕಾ. 14416ಕ್ಕೆ ಮಾತಾಡುತ್ತಿದ್ದೇವೆ.

ಗೋಕಾಕ_ಸಿಸ್ಟರ್

ಒಳ್ಳೆಯದಾಯಿತು. ಉಳಿದವರಿಗೂ ಒಂದು ಮಾತು. "ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು" ಅಂತ ಟೇಬಲ್ಲಿನಲ್ಲಿ ಒಬ್ಬ ಹೇಳುತ್ತಾನೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣ ಯಾವುದೂ ಇಲ್ಲ ಅಂತ ಹೇಳಿದೆ. ತೂಕದ ವಿಷಯಕ್ಕೆ ಬಂದರೆ, ನಮ್ಮ ದೇಶದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 23 ದಾಟಿದರೇ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು ಅಂತ ಹಿಡಿಯುತ್ತಾರೆ. ಸೊಂಟದ ಅಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗೆ ಇರಬೇಕು. ತೂಕದ ಮಷಿನ್ ಇಲ್ಲದಿದ್ದರೆ ದರ್ಜಿಯ ಟೇಪ್ ಸಾಕು.

ಮತ್ತೆ, ಕುಡಿತ ಬಿಟ್ಟ ಹೊಸದರಲ್ಲಿ ಸಿಹಿ ತಿನ್ನುವ ಆಸೆ ಜೋರಾಗುತ್ತದೆ. ಬಹಳ ಜನಕ್ಕೆ ಆಗುತ್ತದೆ. ಕರದಂಟು, ಕುಂದಾ ಡಬ್ಬಿ ಮನೆಯಲ್ಲಿ ಎದುರಿಗೇ ಇಡಬೇಡಿ. ಗೋಕಾಕದವಳೇ ಇದನ್ನು ಹೇಳುತ್ತಿದ್ದೇನೆ, ಊರವರು ಬೈಯಬಹುದು!

ತಾಲೀಮು_ಮಾಸ್ತರ

ಮುಂಜಾನೆಯ ದೋಸ್ತರನ್ನು ಮಾಡಿಕೊಳ್ಳಿ ರೀ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋಗೆ ಮುಂಜಾನೆ ಬಂದು ನೋಡಿ. ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಈಗ ಅರ್ಧ ಬೆಳಗಾವಿ ಆ ಮರಗಳ ಕೆಳಗೆ ಅಡ್ಡಾಡುತ್ತದೆ. ಕೋಟೆ ಕೆರೆ ಸುತ್ತಲೂ ನಡೆಯುವವರಿದ್ದಾರೆ. ರವಿವಾರ ಯಳ್ಳೂರಿನ ರಾಜಹಂಸಗಡ ಹತ್ತಿ. ರಾತ್ರಿ ಹನ್ನೆರಡರ ತನಕ ಧಾಬಾದಲ್ಲಿ ಕೂತವನು ಆರು ಗಂಟೆಗೆ ಗಡ ಹತ್ತುವುದಿಲ್ಲ, ಗಡ ಹತ್ತಬೇಕು ಅಂದವನು ಹನ್ನೆರಡರ ತನಕ ಕೂರುವುದಿಲ್ಲ. ನಮ್ಮ ತಾಲೀಮಿನ ಹುಡುಗರಿಗೆ ಇದನ್ನೇ ಹೇಳುತ್ತೇನೆ.

ನೈಂಟಿ_ನಾಗ್ಯಾ

ಗಡ ಇಳಿದ ಮೇಲೆ ಮಿಸಳ ಇದೆಯಲ್ಲ ಮಾಸ್ತರ? ಅದಕ್ಕಾದರೆ ನಾನೂ ಬರುತ್ತೇನೆ.

ಶಹಾಪುರ_ಟೀಚರ್

ಮಿಸಳದ ಮೇಲಿನ ಕಟ್, ಫರಸಾಣ, ಎರಡು ಪಾವ್ ಲೆಕ್ಕ ಹಾಕಲೋ ಬೇಡವೋ?

ತಾಲೀಮು_ಮಾಸ್ತರ

ಟೀಚರ್, ಒಂದು ಪಾವ್, ಫರಸಾಣ ಕಡಿಮೆ, ಮಡಕೆಕಾಳು ಜಾಸ್ತಿ ಅಂತ ಹೇಳಿದರೆ ಕೊಡುತ್ತಾರೆ. ಎಲ್ಲವನ್ನೂ ಬಿಡಿ ಅಂದರೆ ಹುಡುಗರು ಗಡ ಬಿಡುತ್ತಾರೆ.

ಕ್ಯಾಂಪ್_ಕಾಕಾ

ಮಾಸ್ತರ ಮಾತು ಒಪ್ಪಿದೆ. ಆದರೆ ಹೊಸ ದೋಸ್ತರು ಹಳೆಯವರ ಜಾಗಕ್ಕೆ ಬರುವುದಿಲ್ಲ. ಫಿಟ್ಟರ್ ಕೇಳಿದ್ದು ಅವನ ಗಲ್ಲಿಯ ದೋಸ್ತರ ಬಗ್ಗೆ.

ನನ್ನ ಅನುಭವ ಹೇಳುತ್ತೇನೆ. ನನಗೆ ಮಿಲಿಟರಿ ಕ್ಯಾಂಟೀನ್ ಕಾರ್ಡ್ ಇದೆ. ತಿಂಗಳ ಕೋಟಾ ಬಾಟಲಿ ಬಂದ ದಿನ ನನ್ನ ಮನೆ ಜಾತ್ರೆ. ಕುಡಿತ ಬಿಟ್ಟ ಮೇಲೆ ಕೋಟಾ ತರುವುದನ್ನೂ ಬಿಟ್ಟೆ. "ನೀ ಕುಡೀಬ್ಯಾಡ, ನಮಗ ತಂದುಕೊಡು" ಅಂದರು. ಇಲ್ಲ ಅಂದೆ. ಅರ್ಧ ಜನ ಬರುವುದು ನಿಂತಿತು. ಬೇಜಾರಾಯಿತು. ಆಗ ಒಂದು ಗಮನಿಸಿದೆ. ಆರು ಜನ ಸೇರಿದರೆ ಎಣ್ಣೆ ಬೇಕು, ಇಬ್ಬರೇ ಸೇರಿದರೆ ಚಹಾ ಸಾಕು. ಗುಂಪಿನಲ್ಲಿ ನನ್ನನ್ನು ಜಾಸ್ತಿ ಚೇಷ್ಟೆ ಮಾಡುತ್ತಿದ್ದವನು ಒಬ್ಬನೇ ಸಿಕ್ಕಾಗ ತನ್ನ ಮಗಳ ಮದುವೆ ಸಾಲದ ಬಗ್ಗೆ ಒಂದು ತಾಸು ಮಾತಾಡಿದ. ಅಷ್ಟು ವರ್ಷ ಒಟ್ಟಿಗೆ ಕುಡಿದರೂ ಆ ಮಾತು ಬಂದಿರಲಿಲ್ಲ.

ಹಾಗಾಗಿ ಒಬ್ಬೊಬ್ಬರನ್ನೇ ಹಿಡಿ. ಒಬ್ಬನ ಗಾಡಿ ಸರ್ವಿಸಿಂಗ್‌ಗೆ ಜೊತೆಗೆ ಹೋಗು. ಒಬ್ಬನ ಜೊತೆ ಖಡೇಬಜಾರಿಗೆ ಅರಿವೆ ಕೊಳ್ಳಲು ಹೋಗು. ಯಾರ ತಾಯಿಗಾದರೂ ಆರಾಮಿಲ್ಲದಿದ್ದರೆ ದವಾಖಾನೆಯಲ್ಲಿ ಒಂದು ರಾತ್ರಿ ಕೂಡು. ಪಗಾರದ ಶನಿವಾರ ಒಂದು ತಾಸು ಮುಖ ತೋರಿಸು. ಹೀಗೆ ಮಾಡಿದರೆ ಧಾಬಾದಲ್ಲಿ ನಿನ್ನ ಕುರ್ಚಿ ಖಾಲಿ ಇದ್ದರೂ ನೀನು ಗುಂಪಿನಿಂದ ಹೊರಗೆ ಹೋಗುವುದಿಲ್ಲ.

ಉದ್ಯಮಬಾಗ_ಫಿಟ್ಟರ್

ಕಾಕಾ, ಇದನ್ನು ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ನಿಜ, ನಮ್ಮಲ್ಲೂ ಇಬ್ಬರೇ ಸಿಕ್ಕಾಗ ಯಾರೂ ಬಾರ್ ಕಡೆ ಹೋಗುವುದಿಲ್ಲ. ಟಪರಿ ಚಹಾನೇ.

ಗೋವಾ ಬಗ್ಗೆ ಯಾರೂ ಹೇಳಲಿಲ್ಲ.

ಗುಮ್ಮಟದ_ಊರವ

ಹೋಗಬೇಡ. ಮೊದಲ ವರ್ಷ ಬೇಡವೇ ಬೇಡ. ಅಲ್ಲಿ ಬಾಟಲಿ ಅಗ್ಗ, ರಾತ್ರಿ ರೂಮಿನಲ್ಲಿ ಎದ್ದು ಹೋಗಲು ಜಾಗ ಇಲ್ಲ. ಧಾಬಾದಿಂದ ಬೈಕ್ ಹತ್ತಿ ಮನೆಗೆ ಬರಬಹುದು, ಗೋವಾದಿಂದ ನಡುರಾತ್ರಿ ಘಾಟ್ ಹತ್ತಿ ಬರಲು ಆಗುತ್ತದಾ?

ನೈಂಟಿ_ನಾಗ್ಯಾ

ಹೋಗಲಿ ಬಿಡಿ, ಗೋವಾದಲ್ಲಿ ಮೀನು ಊಟ, ಸೋಲ್‌ಕಡಿ ಇಲ್ಲವೇ? ಆಲ್ಕೋಹಾಲ್ ಇಲ್ಲದ ಬಿಯರ್ ಕೂಡ ಬಂದಿದೆ ಈಗ. ಕೈಯಲ್ಲಿ ಅದು ಇರಲಿ.

ಗೋಕಾಕ_ಸಿಸ್ಟರ್

ಆಲ್ಕೋಹಾಲ್ ಇಲ್ಲದ ಬಿಯರಿನಲ್ಲೂ ಕ್ಯಾಲೊರಿ ಇದೆ. ರುಚಿ, ವಾಸನೆ ಅದೇ ಇರುವುದರಿಂದ ಹೊಸದಾಗಿ ಬಿಟ್ಟವರಿಗೆ ಹಳೆಯ ಆಸೆ ಎಬ್ಬಿಸುತ್ತದೆ. ಕೆಲವರಿಗೆ ನಡೆಯುತ್ತದೆ, ದಿನಾ ಕುಡಿಯುತ್ತಿದ್ದವರಿಗೆ ನಾನಂತೂ ಹೇಳುವುದಿಲ್ಲ.

ವಡಗಾವಿ_ವೈನಿ

ಟ್ರಿಪ್ ಬೇಕೇ ಬೇಕು ಅಂದರೆ ಆಂಬೋಲಿಗೆ ಒಂದು ದಿನದ ಪ್ಲ್ಯಾನ್ ಹಾಕಿ, ಹೆಂಡಂದಿರನ್ನೂ ಕರೆದುಕೊಂಡು ಹೋಗಿ. ಜಲಪಾತ ನೋಡಿ, ಮಳೆಯಲ್ಲಿ ನೆನೆದು, ಜೋಳ ಸುಟ್ಟು ತಿಂದು ಸಂಜೆಗೆ ವಾಪಸ್. ಪ್ಲ್ಯಾನ್ ಹಾಕುವವರು ನೀವೇ ಆಗಬೇಕು. ಬೇರೆಯವರು ಹಾಕಿದ ಪ್ಲ್ಯಾನಿನಲ್ಲಿ ಬಾಟಲಿ ಇದ್ದೇ ಇರುತ್ತದೆ.

ಉದ್ಯಮಬಾಗ_ಫಿಟ್ಟರ್

ವೈನಿ, ಗೆದ್ದಿರಿ. ಗ್ರೂಪಿನಲ್ಲಿ ಆಂಬೋಲಿ ಹಾಕಿದೆ. ಇಬ್ಬರು ಹೂಂ ಅಂದಿದ್ದಾರೆ, ಒಬ್ಬ "ಹೆಂಡತಿ ಜೋಡಿ ಅಂದ್ರ ನಾ ಒಲ್ಲೆ" ಅಂದ. ಉಳಿದವರು ಇನ್ನೂ ನೋಡಿಲ್ಲ. ಗೋವಾಕ್ಕೆ ಅವರು ಹೋಗಲಿ, ನಾನು ಹೋಗುವುದಿಲ್ಲ. ಪಟ್ಟಿಯವನಿಗೂ ಫೋನ್ ಮಾಡಿದೆ. "ಮೊದಲ ಯಾಕ ಹೇಳಲಿಲ್ಲೋ" ಅಂದ, ಅಷ್ಟೇ.

ಕಾಕಾ, ಒಂದು ಕೇಳಬೇಕಿತ್ತು. ಲಿಂಬು ಸೋಡಾಕ್ಕೆ ಉಪ್ಪು ಹಾಕು ಅಂದಿರಿ. ನನಗೆ ಬಿಪಿ ಸ್ವಲ್ಪ ಮೇಲೆ ಇದೆ ಅಂದಿದ್ದರು ಡಾಕ್ಟರ್. ನಾಲ್ಕು ಗ್ಲಾಸ್ ಉಪ್ಪಿನ ಸೋಡಾ ನಡೆಯುತ್ತದಾ?

ಗೋಕಾಕ_ಸಿಸ್ಟರ್

ನಡೆಯುವುದಿಲ್ಲ. ಉಪ್ಪು ಬೇಡ, ಲಿಂಬು ಮಾತ್ರ. ದಿನಕ್ಕೆ ಎಲ್ಲ ಸೇರಿ ಉಪ್ಪು ಒಂದು ಸಣ್ಣ ಚಮಚ, 5 ಗ್ರಾಂ ಒಳಗೆ ಇರಲಿ. ಚಖಣಾದ ಉಪ್ಪೂ ಅದರಲ್ಲೇ ಬಂತು.

ಕ್ಯಾಂಪ್_ಕಾಕಾ

ನಾನೂ ಇವತ್ತಿನಿಂದ ಉಪ್ಪಿಲ್ಲದ ಸೋಡಾನೇ ಕುಡಿಯಬೇಕು ಹಾಗಾದರೆ. ನನ್ನ ಬಿಪಿ ಗುಳಿಗಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.